ಶೆರ್ವುಡ್ ಕಾಡಿಗೆ ವಿಯೆನ್ನಾದ ಸ್ವರ

ಕೇಳುಗರೇ, ನಮಸ್ಕಾರ.

1938ರ ಮೇ ತಿಂಗಳಲ್ಲಿ ಅಮೆರಿಕದ ಬಾನುಲಿಯಲ್ಲಿ ಒಂದು ಅಪರೂಪದ ಕಾರ್ಯಕ್ರಮ ಪ್ರಸಾರವಾಯಿತು. ಆಗಷ್ಟೇ ತೆರೆಗೆ ಬರುತ್ತಿದ್ದ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದ ಹಿನ್ನೆಲೆ ಸಂಗೀತವನ್ನು ಅದರ ರಚನಕಾರರಾದ ಎರಿಕ್ ವೊಲ್ಫ್‌ಗಾಂಗ್ ಕೊರ್ನ್‌ಗೋಲ್ಡ್ ಅವರೇ ನಿರ್ದೇಶಿಸಿ ವಾದ್ಯವೃಂದದಿಂದ ನುಡಿಸಿದರು. ಚಿತ್ರದ ಖಳ ಗೈ ಆಫ್ ಗಿಸ್ಬರ್ನ್‌ನ ಪಾತ್ರಧಾರಿ ಬೆಸಿಲ್ ರಾಥ್‌ಬೋನ್ ನಡುನಡುವೆ ಕಥೆ ಹೇಳಿದರು. ರಾಬಿನ್ ಪಾತ್ರಧಾರಿ ಎರೊಲ್ ಫ್ಲಿನ್‌ನ ಜಿಗಿತವಾಗಲಿ, ಕತ್ತಿಯ ಮಿಂಚಾಗಲಿ, ಟೆಕ್ನಿಕಲರ್ ಎಂಬ ಬಣ್ಣದ ಚಿತ್ರತಂತ್ರದ ಹಸಿರಾಗಲಿ ಅಲ್ಲಿರಲಿಲ್ಲ. ಕೇಳುವವರು ಇಂಗ್ಲೆಂಡಿನ ದಂತಕಥೆಯ ವೀರ ರಾಬಿನ್ ಹುಡ್ ನೆಲೆಸಿದ್ದ ಶೆರ್ವುಡ್ ಕಾಡನ್ನು ಕಿವಿಯಿಂದಲೇ ಕಾಣಬೇಕಿತ್ತು. ಈ ಸಂಗೀತಕ್ಕೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿರಲಾರದು.

ವಿಚಿತ್ರವೆಂದರೆ, ಕೆಲವೇ ತಿಂಗಳ ಹಿಂದೆ ಇದೇ ಕೆಲಸ ತಮ್ಮಿಂದಾಗದೆಂದು ಕೊರ್ನ್‌ಗೋಲ್ಡ್ ಕೈಚೆಲ್ಲಿದ್ದರು. 1897ರಲ್ಲಿ ಇಂದಿನ ಚೆಕ್ ಗಣರಾಜ್ಯದ ಬ್ರ್ನೋ ನಗರದಲ್ಲಿ ಹುಟ್ಟಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಬೆಳೆದ ಅವರು ಬಾಲಪ್ರತಿಭೆ. ಹುಡುಗನ ರಚನೆಯನ್ನು ಕೇಳಿ ಮೆಚ್ಚಿದವರಲ್ಲಿ ಹೆಸರಾಂತ ಸಂಗೀತ ರಚನಕಾರ ಗುಸ್ತಾವ್ ಮಾಹ್ಲರ್ ಕೂಡ ಒಬ್ಬರು. 1920ರಲ್ಲಿ ಅವರ ‘ಡೀ ಟೋಟೆ ಸ್ಟಾಟ್’ ಒಪೆರಾ ಹ್ಯಾಂಬರ್ಗ್ ಮತ್ತು ಕೊಲೋನ್ ನಗರಗಳಲ್ಲಿ ಒಂದೇ ದಿನ ಮೊದಲ ಪ್ರದರ್ಶನ ಕಂಡಿತ್ತು. ಅಂಥವರು 1938ರ ಫೆಬ್ರವರಿಯಲ್ಲಿ ಚಿತ್ರ ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್ ಕರೆಯ ಮೇರೆಗೆ ಹಾಲಿವುಡ್‌ಗೆ ಬಂದು ಚಿತ್ರವನ್ನು ನೋಡಿ, ಇದರ ಬಹುಪಾಲು ಬರೀ ಹೊಡೆದಾಟ ಓಡಾಟ, ತಾನಾದರೋ ಹೃದಯದ ಭಾವಗಳಿಗೆ ಸ್ವರ ಕೊಡುವವನು ಎಂದು ನಿರ್ಮಾಪಕ ಹಾಲ್ ವಾಲಿಸ್ ಅವರಿಗೆ ಪತ್ರ ಬರೆದು ಒಲ್ಲೆನೆಂದರು.

ಅದೇ ದಿನಗಳಲ್ಲಿ ಆಸ್ಟ್ರಿಯಾದ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಶುಶ್ನಿಗ್ ಅವರನ್ನು ಹಿಟ್ಲರ್ ಜರ್ಮನಿಯ ಬೆರ್ಖ್‌ಟೆಸ್‌ಗಾಡೆನ್‌ಗೆ ಕರೆಸಿ ಬೆದರಿಸಿದ ಸುದ್ದಿ ಬಂತು. ಕೊರ್ನ್‌ಗೋಲ್ಡ್ ಯಹೂದಿ, ಮರಳಿ ಹೋಗುವ ದಾರಿ ಮುಚ್ಚುತ್ತಿತ್ತು. ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥ ಲಿಯೋ ಫೋರ್ಬ್‌ಸ್ಟೈನ್ ಮನೆಗೇ ಬಂದು ಒಪ್ಪಿಸಿದಾಗ, ವಾರದ ಲೆಕ್ಕದಲ್ಲಿ ಮಾತ್ರ ದುಡಿಯುವೆನೆಂಬ ಷರತ್ತಿನೊಡನೆ ಅವರು ಒಪ್ಪಿಕೊಂಡರು. ಮಾರ್ಚ್ 12ರಂದು ನಾಜಿ ಸೇನೆ ಆಸ್ಟ್ರಿಯಾವನ್ನು ಹೊಕ್ಕಿತು. ದೇಶ ಕೈತಪ್ಪಿದ್ದ ಆ ವಾರಗಳಲ್ಲೇ ನಗುವ ಕಾಡುವೀರರಿಗೆ ಉಲ್ಲಾಸದ ಸಂಗೀತವನ್ನು ಅವರು ಬರೆಯುತ್ತಿದ್ದರು ಎಂಬುದನ್ನು ನೆನೆದಾಗ ನನಗೆ ಈಗಲೂ ಬೆರಗಾಗುತ್ತದೆ.

ಅವರ ಕೆಲಸದ ರೀತಿ ಇತರರಿಗಿಂತ ಬೇರೆಯಾಗಿತ್ತು. ಸಂಜೆಯ ಹೊತ್ತು ಪ್ರೊಜೆಕ್ಷನ್ ಕೋಣೆಯಲ್ಲಿ ಪಿಯಾನೋ ಮುಂದೆ ಕುಳಿತು, ಒಂದೇ ರೀಲನ್ನು ಮತ್ತೆಮತ್ತೆ ಓಡಿಸಿ, ದೃಶ್ಯವನ್ನು ನೋಡುತ್ತಲೇ ಆಶುವಾಗಿ ನುಡಿಸುತ್ತ ಅವರು ಸ್ವರಗಳನ್ನು ಹುಡುಕುತ್ತಿದ್ದರು; ಸೆಕೆಂಡುಗಳ ಯಾಂತ್ರಿಕ ಪಟ್ಟಿಗಳನ್ನು ಅಷ್ಟಾಗಿ ನೆಚ್ಚುತ್ತಿರಲಿಲ್ಲ. ಚಿತ್ರಕಥೆ ಅವರ ಪಾಲಿಗೆ ಒಪೆರಾದ ಸಾಹಿತ್ಯವಿದ್ದಂತೆ. ನಟರು ಮಾತನಾಡುವಾಗ ಅವರ ದನಿಯ ಶ್ರುತಿಗಿಂತ ತುಸು ಕೆಳಗೆ ವಾದ್ಯಗಳನ್ನು ಇಳಿಸುತ್ತಿದ್ದರಾದ್ದರಿಂದ ಮಾತು ಸಂಗೀತದಲ್ಲಿ ಮುಳುಗದೆ ಅದರ ಮೇಲೆ ತೇಲುತ್ತದೆ. ಹಾಡದೆಯೇ ಹಾಡಾಗುವ ಈ ಗುಣವೇ ಆ ಸಂಗೀತದ ಜೀವಾಳವೆಂದು ನನ್ನ ಎಣಿಕೆ.

ಇನ್ನು ಆ ಕಾಡಿನ ವಿಚಾರ. ತೆರೆಯ ಮೇಲೆ ನಾವು ಕಾಣುವ ಶೆರ್ವುಡ್ ಇಂಗ್ಲೆಂಡಿನದಲ್ಲ. ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದ ಬಿಡ್ವೆಲ್ ಉದ್ಯಾನದ್ದು. ಅದನ್ನು ಇಂಗ್ಲಿಷ್ ಕಾಡಾಗಿಸಲು ಕೊರ್ನ್‌ಗೋಲ್ಡ್ ಇಂಗ್ಲಿಷ್ ಜನಪದ ಧಾಟಿಗಳ ಮೊರೆಹೋಗಲಿಲ್ಲ. ರಾಬಿನ್‌ನ ಸಂಗಡಿಗರ ಕುಣಿಯುವ ನಡಿಗೆಯ ಧಾಟಿಯನ್ನು, ಸಂಗೀತ ರಚನಕಾರ ಲಿಯೋ ಫಾಲ್ ಅಪೂರ್ಣವಾಗಿ ಬಿಟ್ಟುಹೋಗಿದ್ದ ‘ರೋಸೆನ್ ಔಸ್ ಫ್ಲೋರಿಡಾ’ ಎಂಬ ಆಪೆರೆಟ್ಟಾವನ್ನು (ಹಗುರ ಧಾಟಿಯ ಸಂಗೀತ ನಾಟಕವನ್ನು) 1929ರಲ್ಲಿ ವಿಯೆನ್ನಾ ರಂಗಕ್ಕೆ ತಾವು ಪೂರ್ಣಗೊಳಿಸಿಕೊಟ್ಟಾಗಿನ ಸಂಗೀತದಿಂದ ಎತ್ತಿಕೊಂಡರು. ವಿಯೆನ್ನಾದವರು ಹಿಂದೆ ತಣ್ಣಗೆ ಸ್ವಾಗತಿಸಿದ್ದ ‘ಸುರ್ಸುಮ್ ಕೊರ್ಡಾ’ ಎಂಬ ವಾದ್ಯವೃಂದ ಕೃತಿಯ ಸ್ವರಗಳೂ, ಅವರ ತಂದೆ, ಹೆಸರಾಂತ ಸಂಗೀತ ವಿಮರ್ಶಕ ಜೂಲಿಯಸ್ ಕೊರ್ನ್‌ಗೋಲ್ಡ್ ಸೂಚಿಸಿದಂತೆ, ಇಲ್ಲಿ ರಾಬಿನ್‌ನ ಹುರುಪಾಗಿ ಮರುಹುಟ್ಟು ಪಡೆದವು. ಹಳೆಯ ಸರಕೆಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಚಿತ್ರವನ್ನು ನೋಡಿದ ಮೇಲೆ ಆ ಸ್ವರಗಳನ್ನು ಬೇರೆಡೆ ಕಲ್ಪಿಸಿಕೊಳ್ಳುವುದೇ ಕಷ್ಟ. ಆ ಸ್ವರಗಳನ್ನು ಇಡೀ ವಾದ್ಯವೃಂದಕ್ಕೆ ಹರಡುವ ಶ್ರಮದಲ್ಲಿ ಹ್ಯೂಗೋ ಫ್ರೀಡ್‌ಹೋಫರ್ ಮತ್ತು ಮಿಲಾನ್ ರೋಡರ್ ಅವರಿಗೆ ನೆರವಾದರು.

1939ರಲ್ಲಿ ಈ ಸಂಗೀತಕ್ಕೆ ಆಸ್ಕರ್ ಬಂದಾಗ ಅದು ಕೊರ್ನ್‌ಗೋಲ್ಡ್ ಅವರ ಕೈಗೇ ಸೇರಿತು. ಇದನ್ನು ಒತ್ತಿ ಹೇಳಲು ಕಾರಣವಿದೆ: 1936ರ ‘ಆಂಥನಿ ಅಡ್ವರ್ಸ್’ ಚಿತ್ರಕ್ಕೆ ಅವರೇ ಬರೆದ ಸಂಗೀತ ಗೆದ್ದಾಗ, ಅಂದಿನ ನಿಯಮದಂತೆ ಪ್ರಶಸ್ತಿ ಸಂದದ್ದು ವಿಭಾಗದ ಮುಖ್ಯಸ್ಥರಾದ ಅದೇ ಫೋರ್ಬ್‌ಸ್ಟೈನ್ ಅವರಿಗೆ.

ಚಿತ್ರವನ್ನು ನೋಡುವ ಅವಕಾಶ ಸಿಕ್ಕರೆ ಒಂದು ದೃಶ್ಯದಲ್ಲಿ ದಯವಿಟ್ಟು ಕಿವಿಗೊಡಿ. ಹಳ್ಳದ ಮೇಲೊಂದು ಮರದ ದಿಮ್ಮಿ. ಅದರ ಮೇಲೆ ದಾರಿ ಬಿಡೆನೆಂದು ರಾಬಿನ್ ಮತ್ತು ಲಿಟಲ್ ಜಾನ್ ದೊಣ್ಣೆ ಹಿಡಿದು ಎದುರುಬದುರು ನಿಂತಿದ್ದಾರೆ. ದಡದಲ್ಲಿ ರಾಬಿನ್‌ನ ಸಂಗಡಿಗ ವಿಲ್ ಸ್ಕಾರ್ಲೆಟ್ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಲೂಟ್ ವಾದ್ಯದ ತಂತಿ ಮೀಟುತ್ತಾನೆ. ಏಟಿಗೊಂದು ಏಟು ಬೀಳುತ್ತಿದ್ದರೂ ಕೊರ್ನ್‌ಗೋಲ್ಡ್ ಅದಕ್ಕೆ ಯುದ್ಧದ ಅಬ್ಬರ ಕೊಡದೆ ಹುಡುಗಾಟದ ಲಯ ಕೊಟ್ಟಿದ್ದಾರೆ. ಆದ್ದರಿಂದಲೇ ರಾಬಿನ್ ಕೊನೆಗೆ ದೊಪ್ಪನೆ ನೀರಿಗೆ ಬಿದ್ದಾಗ ನಮಗೆ ಅವನ ಸೋಲು ಕಾಣುವುದಿಲ್ಲ. ಅವನಿಗೊಬ್ಬ ಗೆಳೆಯ ಸಿಕ್ಕನೆಂದು, ಅವನು ನಗುವುದಕ್ಕೂ ಮೊದಲೇ, ನಮಗೆ ತಿಳಿದಿರುತ್ತದೆ.

ನಮಸ್ಕಾರ.