ಎರಡು ವರ್ಷದ ಮಗುವಿಗೆ ರೋಬೋಟ್ ಆಟ ಬೇಡವಂತೆ!

ನಮಸ್ಕಾರ. ಎರಡು ವರ್ಷದ ಮಗುವಿನ ಜೊತೆ ನಾನು ಆಡುವ ರೋಬೋಟ್, ರಾಕೆಟ್ ಆಟಗಳ ಬಗ್ಗೆ ಮೊನ್ನೆ ಒಬ್ಬರು ನನಗೆ ಬುದ್ಧಿ ಹೇಳಿದರು. "ನಿಮ್ಮ ಸೈನ್ಸ್ ಫಿಕ್ಷನ್ ಹುಚ್ಚನ್ನು ಆ ಮಗುವಿನ ಮೇಲೆ ಯಾಕೆ ಹೇರುತ್ತೀರಿ? ಮಗು ಮಗುವಿನ ಥರ ಆಡಲಿ ಬಿಡಿ" ಅಂತ. ಅದು ತಲೆಯಿಂದ ಹೋಗುತ್ತಲೇ ಇಲ್ಲ, ಹಾಗಾಗಿ ಇವತ್ತು ಇದೇ ಮಾತು.

ಮಗುವಿನ ಥರ ಅಂದರೆ ಹೇಗೆ ಸ್ವಾಮಿ? ಒಂದೂವರೆ, ಎರಡು ವರ್ಷಕ್ಕೇ ಮಕ್ಕಳು ಮರದ ತುಂಡನ್ನು ಕಿವಿಗಿಟ್ಟು ಹಲೋ ಅನ್ನುತ್ತಾರೆ. ಖಾಲಿ ಲೋಟದಿಂದ ಗೊಂಬೆಗೆ ನೀರು ಕುಡಿಸುತ್ತಾರೆ. ಇಲ್ಲದ್ದನ್ನು ಇದೆ ಅಂದುಕೊಂಡು, ಅದರೊಳಗೇ ಗಂಭೀರವಾಗಿ ಓಡಾಡುತ್ತಾರೆ. ಸೈನ್ಸ್ ಫಿಕ್ಷನ್ ಓದುವಾಗ ನಾವು ಮಾಡುವುದೂ ಅದನ್ನೇ ಅಲ್ವಾ? ಆಟ ಮಗುವಿನದೇ. ನಾವು ಹೋಗಿ ಸೇರಿಕೊಳ್ಳುತ್ತೇವೆ, ಅಷ್ಟೇ.

ನನಗೆ ತುಂಬಾ ಇಷ್ಟದ ಆಟ ರೋಬೋಟ್. ಮಗು ಅಲ್ಲ, ನೀವು ರೋಬೋಟ್ ಆಗಬೇಕು. ಮಗು "ನಡಿ" ಅಂದರೆ ನಡೆಯಿರಿ, "ನಿಲ್ಲು" ಅನ್ನುವ ತನಕ ನಿಲ್ಲಬೇಡಿ, ಗೋಡೆ ಬಂದರೆ ಅಲ್ಲೇ ಕಾಲು ಹಾಕುತ್ತಾ ಇರಿ. ಇಡೀ ದಿನ ದೊಡ್ಡವರ ಮಾತು ಕೇಳುವ ಪುಟ್ಟ ಜೀವಕ್ಕೆ ತನ್ನ ಒಂದೇ ಪದಕ್ಕೆ ಅಪ್ಪನೋ ಅಮ್ಮನೋ ಚಲಿಸುವುದನ್ನು ನೋಡುವ ಖುಷಿ ಇದೆಯಲ್ಲ, ಅದಕ್ಕೆ ಯಾವ ದುಬಾರಿ ಆಟಿಕೆಯೂ ಸಾಟಿಯಿಲ್ಲ! ಇನ್ನೊಂದು ಆಟ ಚಂದ್ರನ ಮೇಲಿನ ನಡಿಗೆ. ಅಲ್ಲಿ ಗುರುತ್ವ ಭೂಮಿಯ ಆರನೇ ಒಂದು ಭಾಗ. ಮಗುವಿಗೆ ಆ ಲೆಕ್ಕ ಬೇಡ, ನಿಮ್ಮ ಜೊತೆ ನಿಧಾನಕ್ಕೆ ತೇಲಿದ ಹಾಗೆ ಹೆಜ್ಜೆ ಹಾಕಿದರೆ ಸಾಕು.

"ಅದಕ್ಕೇನು ಅರ್ಥವಾಗುತ್ತೆ?" ಅಂತೀರಾ? ಲಾಲಿ ಹಾಡಿನ ಅರ್ಥ ತಿಳಿದುಕೊಂಡು ಮಲಗುತ್ತಾ? "ಟಿವಿ ಜಾಸ್ತಿಯಾಗುತ್ತೆ" ಅಂತೀರಾ? ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾನು ಹೇಳುತ್ತಿರುವುದು ರಟ್ಟಿನ ಡಬ್ಬದ ರಾಕೆಟ್ ಬಗ್ಗೆ! ಅದರಲ್ಲಿ ಸ್ಕ್ರೀನ್ ಎಲ್ಲಿಂದ ಬಂತು?

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನೀವು ಕೂಡಿಟ್ಟ ಪುಟ್ಟ ಗೊಂಬೆಗಳು, ಮಿನುಗುವ ಲೈಟಿನ ಆಟಿಕೆಗಳು ಮೇಲಿನ ಕಪಾಟಿನಲ್ಲೇ ಇರಲಿ. ಮೂರು ವರ್ಷದ ಒಳಗಿನವರು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ. ಇಂಥ ಲೈಟಿನ ಆಟಿಕೆಗಳಲ್ಲಿರುವ ಗುಂಡಿಯಂಥ ಪುಟ್ಟ ಬ್ಯಾಟರಿ, ಅಂದರೆ ಬಟನ್ ಸೆಲ್, ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಆಟಕ್ಕೆ ನೀವು ಮುಖವಾಡ ಹಾಕಿಕೊಂಡಾಗ ಮಗು ಹೆದರಿದರೆ ತಕ್ಷಣ ತೆಗೆದುಬಿಡಿ.

ಉಳಿದದ್ದಕ್ಕೆಲ್ಲ ನನ್ನ ಉತ್ತರ ಒಂದೇ. ಆಟ ಮಗುವಿನದೇ! ಮಗು ಆಗಲೇ ಹಾರುತ್ತಿದೆ, ನೀವು ಹತ್ತಿಕೊಳ್ಳಿ! ಹೇರುವುದಂತೆ, ಹೇರುವುದು! ಬೇಡ ಅನ್ನುವವರು ಒಂದು ಸಂಜೆ ರೋಬೋಟ್ ಆಗಿ ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ. ಮುಂದಿನ ವಿಡಿಯೋದಲ್ಲಿ ರಾಕೆಟ್ಟಿನ ಕಂಟ್ರೋಲ್ ಪ್ಯಾನೆಲ್ ಮಾಡೋಣ. ಸಬ್‌ಸ್ಕ್ರೈಬ್ ಆಗಿ, ಒಂದು ದೊಡ್ಡ ರಟ್ಟಿನ ಡಬ್ಬ ಎತ್ತಿಟ್ಟುಕೊಂಡಿರಿ.