ನಾಲ್ಕೇ ತಂತಿ, ಆರು ಬೇಸ್ ಗಿಟಾರ್

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮಾತನ್ನು ನೀವು ಪುಟ್ಟ ರೇಡಿಯೋದಲ್ಲೋ ಮೊಬೈಲಿನಲ್ಲೋ ಕೇಳುತ್ತಿದ್ದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಇವತ್ತು ಹೇಳಹೊರಟಿರುವ ವಾದ್ಯದ ಎಲ್ಲಕ್ಕಿಂತ ತಗ್ಗಿನ ಸ್ವರ ನಿಮ್ಮ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಬೇಸ್ ಗಿಟಾರಿನ ಅತಿ ದಪ್ಪ ತಂತಿಗೆ ಇ ಎಂದು ಹೆಸರು. ಬೆರಳು ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಗೈಯಗಲದ ಸ್ಪೀಕರಿಗೆ ಅಷ್ಟು ನಿಧಾನವಾಗಿ ಗಾಳಿ ತಳ್ಳುವ ತ್ರಾಣ ಇರುವುದಿಲ್ಲ. ಆದರೂ ಹಾಡು ಕೇಳುವಾಗ ಬೇಸ್ ಇದೆ ಅಂತಲೇ ನಿಮಗೆ ಅನಿಸುತ್ತದೆ. ಆ ಸ್ವರದ ಜೊತೆಗೇ ಮೇಲೇಳುವ, ಅದರ ಎರಡರಷ್ಟು, ಮೂರರಷ್ಟು ವೇಗದ, ಸುಮಾರು 82, 124ರ ಕಂಪನಗಳು ಕಿವಿಗೆ ಬೀಳುತ್ತವೆ. ಅವುಗಳನ್ನು ಹಿಡಿದುಕೊಂಡು ಮಿದುಳು ಇಲ್ಲದ ಬುಡವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಿವಿಗೆ ಬೀಳದೆಯೂ ಹಾಡನ್ನು ಹೊತ್ತು ನಿಲ್ಲುವ ಈ ಗುಣಕ್ಕೇ ನಾನು ಮರುಳಾದದ್ದು.

ಬೆಂಗಳೂರಿನ ಒಂದು ಬ್ಲೂಸ್ ಬ್ಯಾಂಡಿನಲ್ಲಿ ಹದಿನೆಂಟು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಶುಕ್ರವಾರ, ಶನಿವಾರ ಸಂಜೆ ಎಲ್ಲಾದರೂ ಗಿಗ್, ಅಂದರೆ ನುಡಿಸುವ ಕಾರ್ಯಕ್ರಮ, ಇರುತ್ತದೆ. ಮನೆಯಲ್ಲಿ ಆರು ಬೇಸ್ ಗಿಟಾರ್ ಇವೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ ಬಂದಾಗಲೆಲ್ಲ ಅವುಗಳ ಮುಂದೆ ನಿಂತು ಕೇಳುತ್ತಾರೆ: "ಎಲ್ಲದಕ್ಕೂ ನಾಲ್ಕೇ ತಂತಿ. ಆರು ಯಾಕೋ ಮಾರಾಯ?" ಇವತ್ತು ನಾನು ಹೇಳುವುದೆಲ್ಲ ಅಮ್ಮನಿಗೆ ಕೊಡಬೇಕಾದ ಉತ್ತರವೇ.

ಬ್ಲೂಸ್ ಕೇಳದವರಿಗಾಗಿ ಎರಡು ಮಾತು. ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಇದು. ಅವರು ಕೆಲಸ ಹುಡುಕಿಕೊಂಡು ಮಿಸಿಸಿಪ್ಪಿಯಿಂದ ಶಿಕಾಗೋಗೆ ರೈಲು ಹತ್ತಿದಾಗ ಹಾಡೂ ಜೊತೆಗೆ ಹೋಯಿತು, ಅಲ್ಲಿ ಅದಕ್ಕೆ ಕರೆಂಟು ಸಿಕ್ಕಿತು. ಅದರ ಸಾಮಾನ್ಯ ಚೌಕಟ್ಟು ಹನ್ನೆರಡು ಬಾರ್‌ಗಳ ಒಂದು ಸುತ್ತು. ಬಾರ್ ಒಂದಕ್ಕೆ ನಾಲ್ಕು ಎಣಿಕೆ, ಒಟ್ಟು 48. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ, ಮುಂದಿನ ಎರಡು ಮಧ್ಯಮದ ಮೇಲೆ, ಮತ್ತೆ ಎರಡು ಷಡ್ಜ, ಆಮೇಲೆ ಒಂದು ಪಂಚಮ, ಒಂದು ಮಧ್ಯಮ, ಕೊನೆಯ ಎರಡು ಬಾರ್ ಷಡ್ಜಕ್ಕೆ ವಾಪಸ್. ಒಂದು ಸಂಜೆಯಲ್ಲಿ ಈ ಸುತ್ತನ್ನು ನಾನು ನೂರಾರು ಸಲ ಹಾಕುತ್ತೇನೆ. ಗಿಟಾರಿನವರು, ಹಾಡುವವರು ಎಷ್ಟು ದೂರ ಬೇಕಾದರೂ ಅಲೆದು ಬರಬಹುದು. ಅವರು ತಿರುಗಿ ಬಂದಾಗ ಮನೆ ಇದ್ದಲ್ಲೇ ಇರಬೇಕು. ಆ ಮನೆ ಕಾಯುವ ಕೆಲಸ ಬೇಸಿನದು, ಡ್ರಮ್ಮಿನದು.

ಶಿಕಾಗೋದ ಬ್ಲೂಸ್‌ಗೆ ಈ ಕೆಲಸ ಮಾಡಿಕೊಟ್ಟವರಲ್ಲಿ ದೊಡ್ಡ ಹೆಸರು ವಿಲ್ಲಿ ಡಿಕ್ಸನ್. 1915ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಬೆಟ್ಟದಂಥ ಆಳು, ಮೊದಲು ಬಾಕ್ಸಿಂಗ್ ಮಾಡುತ್ತಿದ್ದರು. ಅವರ ಮೊದಲ ಬೇಸ್ ಒಂದು ತಗಡಿನ ಡಬ್ಬಕ್ಕೆ ಒಂದೇ ತಂತಿ ಬಿಗಿದದ್ದು, ಗೆಳೆಯ ಲಿಯೊನಾರ್ಡ್ ಕ್ಯಾಸ್ಟನ್ ಮಾಡಿಕೊಟ್ಟದ್ದು. ಇದನ್ನು ಓದಿದ ದಿನ ನನಗೆ ನಮ್ಮ ಕಡೆಯ ತತ್ವಪದಕಾರರ ಏಕತಾರಿ ಕಣ್ಣಿಗೆ ಕಟ್ಟಿತು. ಸೋರೆಬುರುಡೆ, ಬಿದಿರು, ಒಂದು ತಂತಿ, ಅದರ ಮೇಲೆ ರಾತ್ರಿಯಿಡೀ ಹಾಡು. ಡಿಕ್ಸನ್ ಆಮೇಲೆ ಪಿಟೀಲಿನ ಆಕಾರದ, ಆಳೆತ್ತರದ ಡಬಲ್ ಬೇಸ್ ಹಿಡಿದು ಚೆಸ್ ಎಂಬ ರೆಕಾರ್ಡ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಗಾಯಕರಾದ ಮಡ್ಡಿ ವಾಟರ್ಸ್‌ಗೂ ಚಕ್ ಬೆರ್ರಿಗೂ ನುಡಿಸಿದರು.

ಆದರೆ ಆ ಡಬಲ್ ಬೇಸ್‌ಗೆ ಎರಡು ಕಷ್ಟ. ಗಿಟಾರಿಗೆ ಕರೆಂಟು ಬಂದ ಮೇಲೆ ಗದ್ದಲದ ಹೋಟೆಲಿನಲ್ಲಿ ಅದರ ದನಿ ಕೇಳುತ್ತಿರಲಿಲ್ಲ. ಊರಿಂದೂರಿಗೆ ಹೊತ್ತುಕೊಂಡು ಹೋಗುವುದು ಇನ್ನೊಂದು ಪಾಡು. ಇದಕ್ಕೆ ಉಪಾಯ ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೊ ಫೆಂಡರ್. ಮೂಲತಃ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಗಿಟಾರ್ ನುಡಿಸಲು ಬರದ ಮನುಷ್ಯ, ನುಡಿಸುವವರ ಕಷ್ಟವನ್ನು ಕಿವಿಗೊಟ್ಟು ಕೇಳುತ್ತಿದ್ದರು. 1951ರಲ್ಲಿ ಅವರು ಗಿಟಾರಿನ ಹಾಗೆ ಹೆಗಲಿಗೆ ಹಾಕಿಕೊಳ್ಳಬಹುದಾದ, 34 ಇಂಚಿನ ತಂತಿಯ, 20 ಫ್ರೆಟ್ಟಿನ ಬೇಸ್ ಮಾರಾಟಕ್ಕೆ ತಂದರು. ಫ್ರೆಟ್ ಅಂದರೆ ಬೆರಳು ಒತ್ತುವ ಹಲಗೆಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ. ಡಬಲ್ ಬೇಸಿನಲ್ಲಿ ಫ್ರೆಟ್ ಇಲ್ಲ, ಪಿಟೀಲಿನ ಹಾಗೆ ಸ್ವರಸ್ಥಾನ ಬೆರಳಿಗೇ ಗೊತ್ತಿರಬೇಕು. ಇಲ್ಲಿ ಫ್ರೆಟ್ ನೋಡಿ ಒತ್ತಿದರೆ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ. ಅದಕ್ಕೇ ಪ್ರಿಸಿಷನ್ ಬೇಸ್ ಎಂಬ ಹೆಸರು. ಶಿಕಾಗೋದಲ್ಲಿ ಇದನ್ನು ಮೊದಮೊದಲು ಕೈಗೆತ್ತಿಕೊಂಡ ಬ್ಲೂಸ್‌ನವರಲ್ಲಿ ಡೇವ್ ಮೈಯರ್ಸ್ ಒಬ್ಬರು. ಅದಕ್ಕೂ ಮುಂಚೆ ಅವರಂಥವರು ಮಾಮೂಲಿ ಗಿಟಾರಿನ ದಪ್ಪ ತಂತಿಗಳ ಮೇಲೇ ಬೇಸಿನ ನಡೆ ನುಡಿಸಿ ಕೆಲಸ ನಡೆಸುತ್ತಿದ್ದರು.

ನನ್ನ ಆರರಲ್ಲಿ ಹೆಚ್ಚು ಗಿಗ್ ಕಂಡದ್ದು ಪ್ರಿಸಿಷನ್ ಬೇಸೇ. ಮೆಕ್ಸಿಕೋದಲ್ಲಿ ತಯಾರಾದದ್ದು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬಲ ಮುಂಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತದೆ. ಇದಕ್ಕೆ ನಾನು ಫ್ಲಾಟ್‌ವೌಂಡ್ ತಂತಿ ಹಾಕಿದ್ದೇನೆ. ಸಾಮಾನ್ಯ ಬೇಸ್ ತಂತಿಗೆ ಸುತ್ತುವ ಲೋಹದ ಎಳೆ ದುಂಡಗಿರುತ್ತದೆ, ಬೆರಳು ಜಾರಿಸಿದರೆ ಕಿರ್ರ್ ಅನ್ನುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಆ ಎಳೆ ಚಪ್ಪಟೆ, ಮೇಲ್ಮೈ ನುಣುಪು. ಸ್ವರ ಗಂಟೆಯ ಹಾಗೆ ಮೊಳಗುತ್ತಾ ಉಳಿಯುವುದಿಲ್ಲ, ನೆಲಕ್ಕೆ ಒನಕೆ ಇಟ್ಟ ಹಾಗೆ ದುಂ ಎಂದು ಬಿದ್ದು ಕೂರುತ್ತದೆ. ಬ್ಲೂಸ್‌ನ ಶಫಲ್ ಎಂಬ ತೂಗಾಡುವ ನಡೆಗೆ ನನಗೆ ಇದೇ ಬೇಕು. ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಒಂದು ಪ್ರಿಸಿಷನ್ ಬೇಸಿಗೆ ಇಂಥದ್ದೇ ತಂತಿ ಹಾಕಿಕೊಂಡು, ಅದು ತುಂಡಾಗುವವರೆಗೆ ಬದಲಾಯಿಸುತ್ತಲೇ ಇರಲಿಲ್ಲ. ಬಲಗೈಯಲ್ಲಿ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ನನ್ನ ತಂತಿಗಳಿಗೂ ಈಗ ಒಂಬತ್ತು ವರ್ಷ.

ಎರಡನೆಯದು ಜಾಜ್ ಬೇಸ್. ಫೆಂಡರ್ 1960ರಲ್ಲಿ ತಂದ ಮಾದರಿ. ಹೆಸರು ಜಾಜ್ ಆದರೂ ಬ್ಲೂಸ್‌ಗೆ ಚೆನ್ನಾಗಿ ಒಗ್ಗುತ್ತದೆ. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ 1969ರಲ್ಲಿ ಹಾಡಿದ 'ದ ಥ್ರಿಲ್ ಈಸ್ ಗಾನ್'ನಲ್ಲಿ ಬೇಸ್ ನುಡಿಸಿದವರು ಜೆರ್ರಿ ಜೆಮಾಟ್. ಅದನ್ನು ಒಮ್ಮೆ ಬೇಸಿನ ಮೇಲೆಯೇ ಕಿವಿಯಿಟ್ಟು ಕೇಳಿ. ಎಷ್ಟು ಕಡೆ ಅವರು ಸುಮ್ಮನಿದ್ದಾರೆ ಅನ್ನುವುದನ್ನು ಗಮನಿಸಿ. ಜಾಜ್ ಬೇಸಿನ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ತಲೆಯ ಕಡೆಗೆ ಸಪೂರ, ಸುಮಾರು 38 ಮಿಲಿಮೀಟರ್ ಅಷ್ಟೇ. ಪ್ರಿಸಿಷನ್ ಅದಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಅಗಲ. ಕಾಗದದ ಮೇಲೆ ಇದು ಏನೂ ಅಲ್ಲ. ಕೈಯಲ್ಲಿ ಹಿಡಿದರೆ ಬೇರೆಯೇ ಮಾತು. ಪ್ರಿಸಿಷನ್ ಹಿಡಿದಾಗ ನನ್ನ ಎಡಗೈ ಕಮ್ಮಿ ಸ್ವರ ಹುಡುಕುತ್ತದೆ, ಪ್ರತಿಯೊಂದಕ್ಕೂ ತೂಕ ಹಾಕುತ್ತದೆ. ಜಾಜ್ ಬೇಸ್ ಹಿಡಿದರೆ ಬೆರಳಿಗೆ ಓಡುವ ಆಸೆ ಹುಟ್ಟುತ್ತದೆ. ಅದೇ ಹಾಡು, ಅದೇ 48 ಎಣಿಕೆ, ಆದರೆ ನುಡಿಸುವವನು ಬೇರೆ ಆಗಿಬಿಡುತ್ತೇನೆ. ಒಂದೇ ವಾದ್ಯ ಇಟ್ಟುಕೊಂಡಿದ್ದರೆ ನನ್ನೊಳಗಿನ ಈ ಇನ್ನೊಬ್ಬನ ಪರಿಚಯ ನನಗೇ ಆಗುತ್ತಿರಲಿಲ್ಲ. ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಇರುವ ಅಸಲಿ ಉತ್ತರ ಇದು.

ಇನ್ನೊಂದು ಉತ್ತರ ಅನುಭವ ಕಲಿಸಿದ್ದು. ಎರಡು ವರ್ಷದ ಹಿಂದೆ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ. ನಾನು ಒಯ್ದದ್ದು ಜಾಜ್ ಬೇಸ್ ಒಂದನ್ನೇ. ಅಲ್ಲಿ ಅರ್ತಿಂಗ್ ಸರಿ ಇರಲಿಲ್ಲ, ಮೇಲೆ ಸಾಲು ದೀಪಗಳು. ಸೌಂಡ್‌ಚೆಕ್‌ಗೆ ದನಿ ಏರಿಸುವ ಆಂಪ್ ಹಾಕಿದ ತಕ್ಷಣ ಗುಂಯ್ ಅಂತ ಶುರುವಾಯಿತು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ ಕಂಪನ. ಬೇಸಿನ ತಗ್ಗಿನ ಜಿ ಸ್ವರ 49. ಅಂದರೆ ಸಭಾಂಗಣವೇ ನನ್ನ ಪಕ್ಕದಲ್ಲಿ ಕೂತು, ಶ್ರುತಿ ತುಸು ಏರಿದ ಜಿ ಒಂದನ್ನು ಬಿಡದೆ ನುಡಿಸುತ್ತಿತ್ತು. ಜಾಜ್ ಬೇಸಿನಲ್ಲಿ ಎರಡು ಪಿಕಪ್. ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿದ್ದು, ತಂತಿಯ ಕಂಪನವನ್ನು ಕರೆಂಟಾಗಿ ಹಿಡಿಯುವುದು ಅದೇ. ಒಂದನ್ನೇ ಬಳಸಿದರೆ ಸುತ್ತಲಿನ ಗುಂಯ್ಗುಡುವಿಕೆಯನ್ನೂ ಹಿಡಿಯುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಒಂದರ ಗುಂಯ್ ಇನ್ನೊಂದನ್ನು ಹೊಡೆದುಹಾಕುತ್ತದೆ. ತೆರೆದೆ, ಗುಂಯ್ ನಿಂತಿತು. ಆದರೆ ಹಿಂದಿನ ಪಿಕಪ್ಪಿನ ಆ ಗಟ್ಟಿ, ಮೂಗಿನ ದನಿಯೂ ಅದರ ಜೊತೆಗೇ ಹೋಯಿತು. ಆ ರಾತ್ರಿ ನಾನು ಅಂದುಕೊಂಡಿದ್ದ ಹಾಡು ನುಡಿಸಲಾಗಲಿಲ್ಲ. ಪ್ರಿಸಿಷನ್ ಬೇಸಿನ ಪಿಕಪ್ ಅನ್ನು 1957ರಲ್ಲೇ ಎರಡು ತುಂಡು ಮಾಡಿ, ಎರಡನ್ನೂ ಎದುರುಬದುರಾಗಿ ಸುತ್ತಿ, ಈ ತೊಂದರೆ ಬರದ ಹಾಗೆ ಮಾಡಿದ್ದಾರೆ. ಆವತ್ತಿನಿಂದ ಕಾರಿನಲ್ಲಿ ಯಾವಾಗಲೂ ಎರಡು ಕೇಸ್.

ಉಳಿದ ನಾಲ್ಕರ ಬಗ್ಗೆ ಬೇಗ ಹೇಳುತ್ತೇನೆ. ಒಂದು 30 ಇಂಚಿನ ಗಿಡ್ಡ ಬೇಸ್, ಮೂರು ಗಂಟೆಯ ಗಿಗ್ ಆದ ಮರುದಿನ ಮಣಿಕಟ್ಟು ನೋಯುವಾಗ ಅದೇ ಗತಿ. ಒಂದಕ್ಕೆ ಫ್ರೆಟ್ ಇಲ್ಲ. ಗಮಕದ ಆಸೆಗೆ ಕೊಂಡದ್ದು, ವೇದಿಕೆಯ ಮೇಲೆ ನಿಧಾನದ ಹಾಡು ಒಂದೆರಡಕ್ಕೆ ಮಾತ್ರ ಧೈರ್ಯ. ಇನ್ನೊಂದು ಐದು ತಂತಿಯದು, ಮದುವೆ ಆರತಕ್ಷತೆಗಳಲ್ಲಿ ಸಿನಿಮಾ ಹಾಡು ನುಡಿಸುವಾಗ ಬೇಕಾಗುತ್ತದೆ. ಅಮ್ಮನಿಗೆ ಇದರ ಐದನೇ ತಂತಿ ಇನ್ನೂ ತೋರಿಸಿಲ್ಲ. ಆರನೆಯದು ನನ್ನ ಮೊಟ್ಟಮೊದಲ ಬೇಸ್, ಕೋಲ್ಕತ್ತದ ಕಡೆಯಿಂದ ಬಂದದ್ದು. ನೆಕ್ ಬಾಗಿದೆ, ಏಳನೇ ಫ್ರೆಟ್ಟಿನಿಂದಾಚೆ ಸ್ವರ ಸರಿ ಬೀಳುವುದಿಲ್ಲ. ಆದರೆ ಮೊದಲ ಐದು ಫ್ರೆಟ್ಟಿನೊಳಗೆ ಒಂದು ಇಡೀ ಬ್ಲೂಸ್ ನುಡಿಸಬಹುದು ಎಂದು ಕಲಿಸಿದ್ದು ಅದೇ. ವರ್ಷಕ್ಕೊಂದು ಸಲವಾದರೂ ಅದನ್ನು ವೇದಿಕೆಗೆ ಒಯ್ಯುತ್ತೇನೆ. ಗೋಡೆಗೆ ನೇತುಹಾಕಿ ನೋಡುವುದಕ್ಕೆ ವಾದ್ಯ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮರ ಕಂಪಿಸಬೇಕು.

ಮರ ಅಂದೆ. ಈ ಮರವನ್ನು ನೋಡಿಕೊಳ್ಳುವುದೇ ಒಂದು ಕೆಲಸ. ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 75 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಅದಕ್ಕೆ ಎದುರಾಗಿ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಜೂನಿನಲ್ಲಿ ಮಳೆ ಹಿಡಿದು ಗಾಳಿಗೆ ತೇವ ಬಂತೆಂದರೆ ನೆಕ್ ಅಲುಗುತ್ತದೆ, ನಿನ್ನೆ ಸರಿಯಿದ್ದ ತಂತಿ ಇವತ್ತು ಫ್ರೆಟ್ಟಿಗೆ ತಾಗಿ ಕಿರುಗುಟ್ಟುತ್ತದೆ. ಆಗ ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ನಡುವೆ ಏಳನೇ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತೇನೆ. ಹಗುರವಾಗಿ ತಾಗಿಕೊಂಡು ಹೋದರೆ ಸರಿ. ಇಲ್ಲದಿದ್ದರೆ ಅಲೆನ್ ಕೀ ಹಾಕಿ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಅಲ್ಲ. ಆಮೇಲೆ ಒಂದು ರಾತ್ರಿ ಬಿಡಬೇಕು. ಮರಕ್ಕೆ ಅವಸರ ಮಾಡಬಾರದು.

ಕಳೆದ ಮಳೆಗಾಲ ಹೀಗೇ ಪ್ರಿಸಿಷನ್ನಿನ ತಂತಿ ಸಡಿಲಿಸಿ, ಬೆರಳು ಒತ್ತುವ ಹಲಗೆಗೆ ಎಣ್ಣೆ ಒರೆಸುತ್ತಾ ಕೂತಿದ್ದೆ. ಅಮ್ಮ ಕಾಫಿ ತಂದವರು ಲೋಟ ಕೆಳಗಿಟ್ಟು, ಹಲಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಕಂದು ನೇರಳೆ ಬಣ್ಣ, ಕಪ್ಪು ಗೆರೆ. "ಇದು ಬೀಟೆ ಅಲ್ವನಾ?" ಅಂದರು. ಹೌದು, ರೋಸ್‌ವುಡ್ ಅಂತ ಕರೆಯುತ್ತಾರೆ ಅಂದೆ. ನಮ್ಮ ಅಜ್ಜನ ಮನೆಯಲ್ಲಿ ಅಮ್ಮನ ಬಟ್ಟೆ ಇಡುತ್ತಿದ್ದ ಪೆಟ್ಟಿಗೆ ಬೀಟೆಯದೇ. ಬ್ರೆಜಿಲ್ಲಿನ ಬೀಟೆ ಅಪರೂಪವಾಗುತ್ತಾ ಬಂದಂತೆ ಜಗತ್ತಿನ ಗಿಟಾರ್ ತಯಾರಕರು ನಮ್ಮ ದೇಶದ ಬೀಟೆಯ ಕಡೆ ತಿರುಗಿದರು. ಅದು ಬೆಳೆಯುವ ಜಾಗಗಳಲ್ಲಿ ನಮ್ಮ ಮಲೆನಾಡು, ಕೊಡಗಿನ ಕಾಡುಗಳೂ ಇವೆ. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆಲ್ಲ ಪರವಾನಗಿ ಬೇಕಾಯಿತು. ಆಗ ಹಲವು ಕಂಪನಿಗಳು ಬೇರೆ ಮರಕ್ಕೆ ಹೋದವು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕಾಡು ಉಳಿಯಬೇಕು ಅನ್ನುವವರ ಕಡೆಗೇ ನಾನು. ಅದಕ್ಕೇ ಹೊಸದು ಕೊಳ್ಳುವುದಕ್ಕಿಂತ ಯಾರೋ ನುಡಿಸಿ ಬಿಟ್ಟದ್ದನ್ನು ತರುವುದು ನನಗೆ ಇಷ್ಟ. ನನ್ನ ಬೇಸಿನ ಈ ಹಲಗೆ ಯಾವ ಕಾಡಿನದೋ, ಯಾವ ಹಡಗಿನಲ್ಲಿ ಹೋಯಿತೋ. ಅಮ್ಮ ಮಾತ್ರ ಅದನ್ನು ನಮ್ಮೂರಿನದೇ ಎಂದು ತೀರ್ಮಾನಿಸಿ, ಎಣ್ಣೆ ಬಟ್ಟೆ ನನ್ನ ಕೈಯಿಂದ ತೆಗೆದುಕೊಂಡು ಉಳಿದ ಭಾಗ ತಾವೇ ಒರೆಸಿದರು. ಪೆಟ್ಟಿಗೆ ಒರೆಸುವ ಹಾಗೇ, ಮರದ ಎಳೆಯ ಗುಂಟ, ಒಂದೇ ದಿಕ್ಕಿಗೆ.

ಡೊನಾಲ್ಡ್ ಡನ್ ಅಂತ ಒಬ್ಬರಿದ್ದರು. ಮೆಂಫಿಸ್‌ನವರು, ಎಲ್ಲರೂ ಪ್ರೀತಿಯಿಂದ ಡಕ್ ಡನ್ ಅನ್ನುತ್ತಿದ್ದರು. ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್‌ಗೆ ಅವರು ನುಡಿಸಿದ ಬೇಸನ್ನು ಕೇಳಿಯೇ ನಾನು ಈ ದಾರಿ ಹಿಡಿದದ್ದು. 2012ರ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ಒಂದೇ ರಾತ್ರಿ ಎರಡು ಪ್ರದರ್ಶನ ನುಡಿಸಿ ಮಲಗಿದವರು ಮತ್ತೆ ಏಳಲಿಲ್ಲ. ಎಪ್ಪತ್ತು ವರ್ಷ ಆಗಿತ್ತು. ಆ ಸುದ್ದಿ ಓದಿದ ಸಂಜೆ ನಮಗೂ ಗಿಗ್ ಇತ್ತು. ಮೊದಲ ಹಾಡಿಗೆ ನಾನು ಒಂದೇ ಒಂದು ಸ್ವರವನ್ನೂ ಹೆಚ್ಚಿಗೆ ನುಡಿಸಲಿಲ್ಲ.

ಇವತ್ತು ಸಂಜೆಯೂ ಒಂದು ಗಿಗ್ ಇದೆ. ಬರುವಾಗ ಮೋಡ ಕವಿದಿತ್ತು. ಪ್ರಿಸಿಷನ್ನನ್ನು ಕೇಸಿನಿಂದ ತೆಗೆದು ನೋಡಿದೆ, ಇ ತಂತಿ ಕೂದಲೆಳೆಯಷ್ಟು ಇಳಿದಿತ್ತು. ಏರಿಸಿ ಇಟ್ಟು ಬಂದಿದ್ದೇನೆ. ಪಕ್ಕದ ಕೇಸಿನಲ್ಲಿ ಜಾಜ್ ಬೇಸ್ ಇದೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಅವರಿಗೆ ಸ್ಪೀಕರಿನ ಹತ್ತಿರ ಕುರ್ಚಿ ಹಾಕಿಸಬೇಕು.

ನಮಸ್ಕಾರ.