ಬೇಡ ಅಂದವರಿಗೆ ಏನಾಯಿತು?

ಕೇಳುಗರಿಗೆ ನಮಸ್ಕಾರ.

ಇವತ್ತು ಎರಡು ಚರ್ಚುಗಳ ಕಥೆ ಹೇಳುತ್ತೇನೆ. ಮೊದಲನೆಯದು ನೋಡೋಕೆ ವಿಚಿತ್ರ. ಅಲ್ಲಿ ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ. ಜನ ಬೆಂಚುಗಳ ಮೇಲೆ ಒಂದು ಗಂಟೆ ಸುಮ್ನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಾಲ್ಕು ಮಾತಾಡಿ ಮತ್ತೆ ಕೂರುತ್ತಾರೆ. ಕೊನೆಗೆ ಪಕ್ಕದವರ ಕೈ ಕುಲುಕಿ ಮನೆಗೆ ಹೋಗುತ್ತಾರೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದ ಹಳೇ ಪದ್ಧತಿ ಇದು.

ಎರಡನೆಯದು ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುವಂಥದ್ದು. 1950ರ ದಶಕದ ಅಮೆರಿಕದಲ್ಲಿ ಕರಿಯರ ಚರ್ಚೇ ಬೇರೆ, ಬಿಳಿಯರದೇ ಬೇರೆ. ಅಂಥ ಕಾಲದಲ್ಲಿ ಇವರು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಹಸಿದವರಿಗೆ ಊಟ, ವಯಸ್ಸಾದವರಿಗೆ ಆಸರೆ. ಇಂಡಿಯಾನಾಪೊಲಿಸ್‌ನಲ್ಲಿ ಜಿಮ್ ಜೋನ್ಸ್ ಕಟ್ಟಿದ ಪೀಪಲ್ಸ್ ಟೆಂಪಲ್ ಅದು.

1978ರ ಹೊತ್ತಿಗೆ ಆ ಜನರಲ್ಲಿ ಸುಮಾರು ಸಾವಿರ ಮಂದಿ ದಕ್ಷಿಣ ಅಮೆರಿಕದ ಗಯಾನಾ ಕಾಡಿನಲ್ಲಿದ್ದರು. ಊರಿನ ಹೆಸರು ಜೋನ್ಸ್‌ಟೌನ್. ಬಂದಿಳಿದವರ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಿದ್ದರು. ಮುದುಕರ ಪಿಂಚಣಿ ಹಣ ಸಂಘಕ್ಕೇ ಹೋಗುತ್ತಿತ್ತು. ಮನೆಗೆ ಬರೆದ ಕಾಗದವನ್ನು ಬೇರೆಯವರು ಓದಿದ ಮೇಲೇ ಕಳಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲೂ ಧ್ವನಿವರ್ಧಕದಲ್ಲಿ ಜೋನ್ಸ್ ದನಿ. ಜನ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದರು. ಬಿಟ್ಟು ಹೋದವನು ದ್ರೋಹಿ.

ನವೆಂಬರ್ 18ರಂದು, ಊರಿನ ಸ್ಥಿತಿ ನೋಡಲು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಜೊತೆ ಕೆಲವರು ಊರು ಬಿಟ್ಟು ಹೊರಟರು. ವಿಮಾನದ ಹತ್ತಿರ ಅವರ ಮೇಲೆ ಗುಂಡು ಹಾರಿತು. ರಯಾನ್ ಸೇರಿ ಐವರು ಸತ್ತರು. ಆ ಸಂಜೆ ಊರಿನೊಳಗೆ 909 ಜನ ಸತ್ತರು, ಹೆಚ್ಚಿನವರು ಸಯನೈಡ್ ವಿಷದಿಂದ. ಅವರಲ್ಲಿ 300ಕ್ಕೂ ಜಾಸ್ತಿ ಮಕ್ಕಳು.

ಎಲ್ಲರೂ ಸಾಯೋಣ ಅಂತ ಜೋನ್ಸ್ ಹೇಳಿದ ಆ ಕೊನೆಯ ಸಭೆಯ ಧ್ವನಿಮುದ್ರಣ ಉಳಿದಿದೆ, ಸುಮಾರು 44 ನಿಮಿಷ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಹಿರಿಯ ಮಹಿಳೆ ಎಲ್ಲರ ಮುಂದೆ ನಿಂತು ಕೇಳುತ್ತಾರೆ. ರಷ್ಯಾಕ್ಕಾದರೂ ಹೋಗಬಹುದಲ್ವಾ? ಈ ಕೂಸುಗಳು ಬದುಕಬೇಕಲ್ವಾ? ಜೋನ್ಸ್ ಸಮಾಧಾನವಾಗಿಯೇ ಉತ್ತರ ಕೊಡುತ್ತಾನೆ. ಬಾಯಿ ಮುಚ್ಚಿಸುವವರು ಸುತ್ತಲಿನ ಜನ. ನೀನು ಇಲ್ಲಿ ನಿಂತಿರುವುದೇ ಜೋನ್ಸ್ ದಯೆಯಿಂದ ಅಂತ ಮೇಲೆ ಬೀಳುತ್ತಾರೆ. ವರ್ಷಗಟ್ಟಲೆ ಒಟ್ಟಿಗೆ ಉಂಡವರು! ಸುತ್ತ ಬಂದೂಕಿನ ಕಾವಲು. ಮಿಲ್ಲರ್ ಕೂಡ ಆ ದಿನ ಉಳಿಯಲಿಲ್ಲ.

ಯಾವುದಾದರೂ ಪಂಥಕ್ಕೆ ಸೇರಲೋ ಬೇಡವೋ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೇ: ಅದನ್ನು ಬಿಟ್ಟು ಬಂದ ಒಬ್ಬರನ್ನು ಹುಡುಕಿ ಮಾತಾಡಿಸಿ. ಒಳಗಿರುವವರು ಅವರನ್ನು ಈಗಲೂ ಮದುವೆಗೆ ಕರೆಯುತ್ತಾರಾ? ದಾರಿಯಲ್ಲಿ ಸಿಕ್ಕರೆ ನಗುತ್ತಾರಾ? ದುಡ್ಡಿನ ಲೆಕ್ಕ ಕೇಳಿದಾಗ ಪುಸ್ತಕ ತೆಗೆದು ತೋರಿಸಿದ್ದರಾ?

ಕ್ವೇಕರರ ಕೈಯೂ ಪೂರ್ತಿ ಶುದ್ಧವಲ್ಲ. 1738ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಅವರ ವಾರ್ಷಿಕ ಸಭೆ ಸೇರಿತ್ತು. ಗುಲಾಮಗಿರಿ ವಿರೋಧಿಸುತ್ತಿದ್ದ ಕ್ವೇಕರ್ ಬೆಂಜಮಿನ್ ಲೇ ಎದ್ದು ನಿಂತರು. ನಾಲ್ಕಡಿ ಚಿಲ್ಲರೆ ಎತ್ತರ, ಗೂನು ಬೆನ್ನು. ಮೇಲಂಗಿ ಕಳಚಿದರೆ ಒಳಗೆ ಸಿಪಾಯಿ ವೇಷ, ಕತ್ತಿ. ಕೈಯಲ್ಲೊಂದು ಪುಸ್ತಕ. ಅದರ ಹೊಟ್ಟೆ ಕೊರೆದು ಕೆಂಪು ಹಣ್ಣಿನ ರಸದ ಚೀಲ ಇಟ್ಟಿದ್ದರು. ಗುಲಾಮರನ್ನು ಇಟ್ಟುಕೊಂಡವರ ರಕ್ತ ದೇವರು ಹೀಗೇ ಹರಿಸಲಿ ಎನ್ನುತ್ತ ಕತ್ತಿ ಚುಚ್ಚಿದರು. ಹತ್ತಿರ ಕೂತವರ ಬಟ್ಟೆಗೆಲ್ಲ ರಸ ಸಿಡಿಯಿತು. ಲೇ ಅವರನ್ನು ಹೊತ್ತು ಹೊರಗೆ ಹಾಕಿದರು. ಆಮೇಲೆ ಪಂಥದಿಂದಲೂ ತೆಗೆದರು. ಅದು ತಪ್ಪೇ, ಮುಚ್ಚಿಡೋದು ಬೇಡ.

ಆದರೆ ಲೇ ಅವರ ಮನೆ ಹೋಗಲಿಲ್ಲ, ಪುಸ್ತಕಗಳು ಹೋಗಲಿಲ್ಲ, ಬಾಗಿಲಿಗೆ ಕಾವಲು ಬರಲಿಲ್ಲ. ಅವರು ಸಭೆಗೆ ಬರುವುದನ್ನೂ ಬಿಡಲಿಲ್ಲ. ಅದೇ ಮಾತನ್ನು ಜಾನ್ ವೂಲ್ಮನ್‌ರಂಥ ಕ್ವೇಕರರು ಮೆತ್ತಗಿನ ದನಿಯಲ್ಲಿ ಊರೂರಿಗೆ ಹೋಗಿ ಹೇಳತೊಡಗಿದರು. ಇಪ್ಪತ್ತು ವರ್ಷ ಹಿಡಿಯಿತು. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ, ಗುಲಾಮರನ್ನು ಕೊಳ್ಳುವ ಮಾರುವ ಕ್ವೇಕರರ ಮೇಲೆ ಕ್ರಮ ತೆಗೆದುಕೊಳ್ಳಲು ತೀರ್ಮಾನಿಸಿತು. ಸುದ್ದಿ ಕೇಳಿದ ಮುದುಕ ಲೇ, ಇನ್ನು ನೆಮ್ಮದಿಯಾಗಿ ಸಾಯಬಹುದು ಅಂದರಂತೆ. ಮರುವರ್ಷ ತೀರಿಕೊಂಡರು. ಆಬಿಂಗ್ಟನ್‌ನ ಕ್ವೇಕರರು ತಮ್ಮ ರುದ್ರಭೂಮಿಯಲ್ಲೇ ಅವರಿಗೆ ಜಾಗ ಕೊಟ್ಟರು.